2026ರ ಮಾಂಗಾ: ಪಟ್ಟಿ ಬಿಡಿ, ಲೆಕ್ಕ ಹಾಕಿ

ಡಿಸೆಂಬರ್ ಬಂತೆಂದರೆ 'ಮುಂದಿನ ವರ್ಷ ಕಾಯಬೇಕಾದ ಮಾಂಗಾ' (ಜಪಾನಿ ಕಾಮಿಕ್ಸ್) ಎಂಬ ಪಟ್ಟಿಗಳ ಸುಗ್ಗಿ. ಆ ಪಟ್ಟಿಗಳಲ್ಲಿ ಹೆಚ್ಚಿನವು ಮುಖ್ಯವಾದ ಒಂದು ಮಾತನ್ನೇ ನುಂಗಿಬಿಡುತ್ತವೆ: ಯಾವ ಭಾಷೆಯಲ್ಲಿ, ಯಾವ ರೂಪದಲ್ಲಿ, ಯಾವ ಊರಿನ ಅಂಗಡಿಯಲ್ಲಿ? ಟೋಕಿಯೊದಲ್ಲಿ ಮಾರ್ಚ್‌ಗೆ ಬರುವ ಸಂಪುಟ, ಅದೇ ವಾರ ನಮ್ಮ ಫೋನಿನಲ್ಲಿ ತೆರೆದುಕೊಳ್ಳುವ ಅಧ್ಯಾಯ, ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಕಪಾಟಿನಲ್ಲಿ ಕಾಣುವ ಇಂಗ್ಲಿಷ್ ಪುಸ್ತಕ, ಈ ಮೂರೂ ಕಥೆಯ ಬೇರೆ ಬೇರೆ ಘಟ್ಟದಲ್ಲಿರುತ್ತವೆ. 2026ರಲ್ಲಿ ನಮ್ಮ ಕೈಗೆ ಇಂಗ್ಲಿಷಿನಲ್ಲಿ ಸಿಗುವ ದೊಡ್ಡ ಹೆಸರುಗಳಲ್ಲಿ ಬಹುಪಾಲು ಜಪಾನಿನಲ್ಲಿ 2024ರ ಕೊನೆಗೋ 2025ರಲ್ಲೋ ಅಚ್ಚಾಗಿ ಮಾರಾಟವಾಗಿಬಿಟ್ಟಿವೆ. ಹಾಗಾಗಿ ಇನ್ನೊಬ್ಬರ ಪಟ್ಟಿಗೆ ಕಾಯಬೇಕಿಲ್ಲ. ಜಪಾನಿನ ದಿನಾಂಕ ಗೊತ್ತಿದ್ದರೆ ನಮ್ಮ ದಿನಾಂಕವನ್ನು ಒಂದೆರಡು ತಿಂಗಳ ಹೆಚ್ಚುಕಡಿಮೆಯಲ್ಲಿ ನಾವೇ ಬರೆದುಕೊಳ್ಳಬಹುದು.

ಅಧ್ಯಾಯದಿಂದ ಸಂಪುಟಕ್ಕೆ

ಮೊದಲು ಜಪಾನಿನ ಲೆಕ್ಕ. ಅಲ್ಲಿ ಕಥೆ ಮೊದಲು ಪತ್ರಿಕೆಯಲ್ಲಿ ಅಧ್ಯಾಯವಾಗಿ ಬರುತ್ತದೆ, ಆಮೇಲೆ ಪುಸ್ತಕವಾಗುತ್ತದೆ. ಶುಯೇಶಾ ಪ್ರಕಾಶನದ ವಾರಪತ್ರಿಕೆ ವೀಕ್ಲಿ ಶೊನೆನ್ ಜಂಪ್ (ಮುಂದೆ ಬರೀ ಜಂಪ್) ಸೋಮವಾರ ಬರುತ್ತದೆ. ಕೊಡಾನ್ಷಾದ ಶೊನೆನ್ ಮ್ಯಾಗಜೀನ್ ಮತ್ತು ಶೊಗಾಕುಕಾನ್‌ನ ಶೊನೆನ್ ಸಂಡೇ ಬುಧವಾರ ಬರುತ್ತವೆ (ಹೌದು, ಹೆಸರು ಸಂಡೇ, ಬರುವುದು ಬುಧವಾರ). ವರ್ಷಕ್ಕೆ 52 ವಾರ ಇದ್ದರೂ ಹೊಸ ವರ್ಷ, ಮೇ ಹೊತ್ತಿನ ಗೋಲ್ಡನ್ ವೀಕ್, ಆಗಸ್ಟ್‌ನ ಓಬೊನ್ ರಜೆಗಳಲ್ಲಿ ಎರಡು ವಾರದ ಸಂಚಿಕೆಗಳನ್ನು ಜೋಡಿಸಿ ಒಂದೇ ಪತ್ರಿಕೆಯಾಗಿ ತರುತ್ತಾರೆ. ಉಳಿಯುವುದು 48ರ ಆಸುಪಾಸು ಸಂಚಿಕೆಗಳು. ವಾರದ ಅಧ್ಯಾಯ ಸಾಮಾನ್ಯವಾಗಿ 19 ಪುಟ. ಒಂಬತ್ತು ಅಧ್ಯಾಯಕ್ಕೆ 171 ಪುಟ. ಮುಖಪುಟಗಳು, ಕೊನೆಯಲ್ಲಿ ಸೇರಿಸುವ ಹೆಚ್ಚುವರಿ ಚಿತ್ರಗಳು ಕೂಡಿ 190 ಪುಟದ ಪುಸ್ತಕವಾಗುತ್ತದೆ. ಇದೇ ತಾಂಕೋಬೊನ್, ಅಂದರೆ ನಾವು ಸಂಪುಟ ಅನ್ನುವುದು.

ಮುಗಿದ ಸರಣಿಗಳನ್ನು ಭಾಗಿಸಿ ನೋಡಿದರೆ ಈ ಲೆಕ್ಕ ಎಷ್ಟು ಗಟ್ಟಿ ಎಂದು ತಿಳಿಯುತ್ತದೆ. ಡೀಮನ್ ಸ್ಲೇಯರ್ 205 ಅಧ್ಯಾಯ, 23 ಸಂಪುಟ: ಸಂಪುಟಕ್ಕೆ ಸುಮಾರು 8.9. ಜುಜುತ್ಸು ಕೈಸೆನ್ 271 ಅಧ್ಯಾಯ, 30 ಸಂಪುಟ: 9.03. ಚೈನ್‌ಸಾ ಮ್ಯಾನ್ ಮೊದಲ ಭಾಗ 97 ಅಧ್ಯಾಯ, 11 ಸಂಪುಟ: 8.8. ಮೈ ಹೀರೋ ಅಕಾಡೆಮಿಯಾದ ಅಧ್ಯಾಯಗಳು ಕೆಲವು ಕಾಲ ಚಿಕ್ಕದಾಗಿದ್ದ ಕಾರಣ 430 ಅಧ್ಯಾಯ 42 ಸಂಪುಟದಲ್ಲಿ ಹಿಡಿಸಿದವು, ಸಂಪುಟಕ್ಕೆ ಹತ್ತರ ಮೇಲೆ. ಮಾಸಪತ್ರಿಕೆಯ ಕಥೆ ಬೇರೆ. ಅಟ್ಯಾಕ್ ಆನ್ ಟೈಟನ್ ಒಂದು ಅಧ್ಯಾಯಕ್ಕೆ 45 ಪುಟದಷ್ಟು ಓಡುತ್ತಿತ್ತು. 139 ಅಧ್ಯಾಯ 34 ಸಂಪುಟವಾಯಿತು, ಅಂದರೆ ನಾಲ್ಕಕ್ಕೊಂದು.

ಇದರಿಂದ ಸಿಗುವ ಸೂತ್ರ ಇಷ್ಟು. ಬಿಡುವಿಲ್ಲದೆ ಓಡುವ ವಾರದ ಸರಣಿ ವರ್ಷಕ್ಕೆ ಐದು ಸಂಪುಟ ಕೊಡುತ್ತದೆ. ಮಾಸಿಕ ಸರಣಿ ಮೂರು ಕೊಟ್ಟರೆ ಹೆಚ್ಚು, ಎರಡು ಕೊಡುವುದೇ ವಾಡಿಕೆ. ಸಂಪುಟದ ಕೊನೆಯ ಅಧ್ಯಾಯ ಪತ್ರಿಕೆಯಲ್ಲಿ ಬಂದು ಮೂರರಿಂದ ಐದು ತಿಂಗಳಿಗೆ ಪುಸ್ತಕ ಅಂಗಡಿಗೆ ಬರುತ್ತದೆ. ಜಂಪ್ ಸಂಪುಟಗಳು ತಿಂಗಳ 4ನೇ ತಾರೀಖಿನ ಸುತ್ತ ಬೀಳುತ್ತವೆ. ಕೊಡಾನ್ಷಾ ಮತ್ತು ಶೊಗಾಕುಕಾನ್‌ನ ವಾರಪತ್ರಿಕೆ ಸಂಪುಟಗಳು ತಿಂಗಳ ನಡುವೆ, 17-18ರ ಹೊತ್ತಿಗೆ. ಯಾರಾದರೂ ಜಂಪ್ ಸಂಪುಟ 23ಕ್ಕೆ ಬರುತ್ತದೆ ಎಂದರೆ ಒಮ್ಮೆ ಹುಬ್ಬೇರಿಸಿ ನೋಡಿ. ಇದಕ್ಕೆ ಅಪವಾದಗಳಿವೆ, ಒಂದು ಮುಂದೆ ಬರುತ್ತದೆ.

ಇನ್ನು ಇಂಗ್ಲಿಷ್. ಅಮೆರಿಕದ ಪ್ರಕಾಶಕ ವಿಜ್ ಮೀಡಿಯಾ ಹಳೆಯ ದೊಡ್ಡ ಸರಣಿಗಳನ್ನು ಜಪಾನಿಗಿಂತ ಸುಮಾರು ಒಂದು ವರ್ಷ ಹಿಂದೆ ಓಡಿಸುತ್ತದೆ. ಹೊಸದಾಗಿ ಗೆದ್ದ ಸರಣಿಗಳಿಗೆ ಈ ಅಂತರ ಕಡಿಮೆ: ಕಗುರಾಬಾಚಿ ಜಂಪ್‌ನಲ್ಲಿ ಶುರುವಾದದ್ದು 2023ರ ಸೆಪ್ಟೆಂಬರ್‌ನಲ್ಲಿ, ಜಪಾನಿನ ಮೊದಲ ಸಂಪುಟ 2024ರ ಫೆಬ್ರವರಿಯಲ್ಲಿ, ಇಂಗ್ಲಿಷ್ ಪುಸ್ತಕ ಅದೇ ವರ್ಷ ನವೆಂಬರ್‌ನಲ್ಲಿ, ಒಂಬತ್ತೇ ತಿಂಗಳಲ್ಲಿ. ಅದಕ್ಕಿಂತ ಬೇಗ ಆಗುವುದು ಕಷ್ಟ. ಅನುವಾದ, ಮಾತಿನ ಗುಳ್ಳೆಗಳಿಗೆ ಅಕ್ಷರ ಕೂರಿಸುವುದು, ಚಿತ್ರದೊಳಗೆ ಬರೆದ ಸದ್ದಿನ ಪದಗಳನ್ನು ತಿದ್ದುವುದು, ಜಪಾನಿನ ಪ್ರಕಾಶಕರ ಒಪ್ಪಿಗೆ, ಅಚ್ಚುಮನೆಯಲ್ಲಿ ಸರದಿ, ಆಮೇಲೆ ಗೋದಾಮಿಗೆ ಸಾಗಣೆ, ಇವೆಲ್ಲ ಒಂದರ ಹಿಂದೆ ಒಂದು ಆಗಬೇಕು. ಅಮೆರಿಕದಲ್ಲಿ ಹೊಸ ಪುಸ್ತಕ ಬರುವ ವಾರ ಮಂಗಳವಾರ. ಅಲ್ಲಿಂದ ನಮ್ಮ ಅಂಗಡಿಗೆ ಕೆಲವು ವಾರದಿಂದ ಎರಡು ತಿಂಗಳು ಹಿಡಿಯಬಹುದು. ಒಟ್ಟಿನಲ್ಲಿ ಜಪಾನಿನ ಸಂಪುಟದ ದಿನಾಂಕಕ್ಕೆ 12 ತಿಂಗಳು ಕೂಡಿಸಿ, ಮೇಲೆ ಎರಡು ತಿಂಗಳು ಹಾಕಿ. ಅದು ನಿಮ್ಮ ದಿನಾಂಕ.

ಲೆಕ್ಕವನ್ನು 2026ಕ್ಕೆ ಹಾಕಿದರೆ

ಒನ್ ಪೀಸ್‌ನಿಂದ ಶುರು ಮಾಡೋಣ, ಇದರಷ್ಟು ನಿಯತ್ತಿನ ವೇಳಾಪಟ್ಟಿ ಇನ್ನೊಂದಿಲ್ಲ. 1997ರಿಂದ ಓಡುತ್ತಿರುವ ಈ ಸರಣಿಯಲ್ಲಿ ಈಚಿನ ವರ್ಷಗಳಲ್ಲಿ ಎಯಿಚಿರೊ ಓಡಾ ಮೂರು ಅಧ್ಯಾಯಕ್ಕೊಂದು ವಾರ ಬಿಡುವು ಪಡೆಯುವುದು ಹೆಚ್ಚುಕಡಿಮೆ ನಿಯಮವಾಗಿದೆ. ಅಧ್ಯಾಯ 17 ಪುಟದ್ದು, ಸಂಪುಟಕ್ಕೆ ಹನ್ನೊಂದರಷ್ಟು ಬೇಕು. 48 ಸಂಚಿಕೆಯಲ್ಲಿ ನಾಲ್ಕನೇ ಒಂದು ಭಾಗ ಬಿಡುವಿಗೆ ಹೋದರೆ 36 ಉಳಿಯಿತು. ಹನ್ನೊಂದರಿಂದ ಭಾಗಿಸಿದರೆ ಮೂರು ಸಂಪುಟ. ಜಪಾನಿನಲ್ಲಿ ಆಗುತ್ತಿರುವುದೂ ಅದೇ: 2024ರಲ್ಲಿ 108, 109, 110, 2025ರಲ್ಲಿ 111, 112, 113, ಎರಡೂ ವರ್ಷ ಮಾರ್ಚ್, ಜುಲೈ, ನವೆಂಬರ್‌ನಲ್ಲಿ. 2026ರಲ್ಲೂ ಇದೇ ಮೂರು ತಿಂಗಳನ್ನು ಗುರುತು ಹಾಕಿಕೊಳ್ಳಿ, 114ರಿಂದ 116. ಇಂಗ್ಲಿಷ್ ಓದುಗರಿಗೆ ಸೂತ್ರದ ಪ್ರಕಾರ ಅಮೆರಿಕದಲ್ಲಿ 2026ರ ಪಾಲು 111, 112, 113; ಎರಡು ತಿಂಗಳ ಸಾಗಣೆ ಸೇರಿಸಿದರೆ 113 ನಮ್ಮ ಅಂಗಡಿಗೆ ಬರುವಾಗ 2027 ಆಗಬಹುದು. 'ಒನ್ ಪೀಸ್ 114 ಈ ವರ್ಷ' ಎಂಬ ಸಾಲು ಕಂಡರೆ ಅದು ಜಪಾನಿ ಪುಸ್ತಕದ ಮಾತು ಎಂದು ತಿಳಿಯಿರಿ.

ಜುಜುತ್ಸು ಕೈಸೆನ್ ಎರಡು ಕಾರಣಕ್ಕೆ ಲೆಕ್ಕ ತಪ್ಪಿಸುತ್ತದೆ. ಸರಣಿ 2024ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಕೊನೆಯ ಎರಡು ಸಂಪುಟಗಳು, 29 ಮತ್ತು 30, ಜಪಾನಿನಲ್ಲಿ ಒಂದೇ ದಿನ ಬಂದವು: 2024ರ ಡಿಸೆಂಬರ್ 25. ಮೇಲೆ ಹೇಳಿದ 4ನೇ ತಾರೀಖಿನ ನಿಯಮಕ್ಕೆ ಇದೇ ಅಪವಾದ. ಇಂಗ್ಲಿಷಿನಲ್ಲಿ ಸಂಪುಟಗಳು ಕೆಲವು ತಿಂಗಳಿಗೊಂದರಂತೆ ಸಾಲಾಗಿ ಬರುತ್ತವೆ, ಹೀಗೆ ಜೋಡಿಯಾಗಿ ಬರುವುದು ಅಪರೂಪ. ಹಾಗಾಗಿ ಕೊನೆಯ ಸಂಪುಟಕ್ಕೆ ಹನ್ನೆರಡು ತಿಂಗಳ ಅಂತರ ಸಾಲದು, ಹದಿನೆಂಟರ ಹತ್ತಿರ ಇಟ್ಟುಕೊಳ್ಳಿ. ಇದಕ್ಕೆ ಜೊತೆಯಾಗಿ 2025ರ ಸೆಪ್ಟೆಂಬರ್‌ನಲ್ಲಿ ಮೊಡ್ಯುಲೊ ಎಂಬ ಮುಂದುವರಿಕೆ ಜಂಪ್‌ನಲ್ಲಿ ಶುರುವಾಯಿತು. ಬರಹ ಗೇಗೆ ಅಕುತಾಮಿಯದೇ, ಚಿತ್ರ ಯೂಜಿ ಇವಾಸಾಕಿಯವರದು. ಶುರುವಿನಲ್ಲೇ ಇದು ಕಿರು ಸರಣಿ ಎಂದು ಹೇಳಿಬಿಟ್ಟಿದ್ದಾರೆ. ಜಪಾನಿ ಸಂಪುಟಗಳು 2026ರಲ್ಲಿ ಖಚಿತ. ಇಂಗ್ಲಿಷ್ ಪುಸ್ತಕ ಬೇಕೆಂದರೆ ಕಗುರಾಬಾಚಿಯ ವೇಗದಲ್ಲೇ ಓಡಿದರೂ 2026ರ ಕೊನೆ, ಇಲ್ಲವಾದರೆ 2027. ಅಲ್ಲಿಯವರೆಗೆ ಫೋನಿನಲ್ಲಿ ಓದುವುದೇ ದಾರಿ.

ವಿನ್‌ಲೆಂಡ್ ಸಾಗಾ ಈ ವರ್ಷದ ಲೆಕ್ಕದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ. ಮಕೊಟೊ ಯುಕಿಮುರಾ 2005ರಲ್ಲಿ ಶುರು ಮಾಡಿದ ಕಥೆ 2025ರ ಜುಲೈನಲ್ಲಿ ಆಫ್ಟರ್‌ನೂನ್ ಮಾಸಪತ್ರಿಕೆಯಲ್ಲಿ 220ನೇ ಅಧ್ಯಾಯಕ್ಕೆ ಮುಗಿಯಿತು. ಒಟ್ಟು 29 ಸಂಪುಟ. ಇಂಗ್ಲಿಷಿನಲ್ಲಿ ಕೊಡಾನ್ಷಾ ಇದನ್ನು ಎರಡು ಜಪಾನಿ ಸಂಪುಟ ಸೇರಿಸಿ ಒಂದು ಹಾರ್ಡ್‌ಕವರ್ ಆಗಿ ತಂದಿತು. ಈಚೆಗೆ ಮೂರು ಸೇರಿಸಿದ ಡೀಲಕ್ಸ್ ಆವೃತ್ತಿಯೂ ಇದೆ. 29 ಬೆಸ ಸಂಖ್ಯೆ, ಮೂರರಿಂದಲೂ ಸಮವಾಗಿ ಭಾಗವಾಗುವುದಿಲ್ಲ! ಎರಡರ ಜೋಡಿಯಲ್ಲಿ ಕೊನೆಗೆ ಒಂಟಿ ಸಂಪುಟ ಉಳಿಯುತ್ತದೆ. ಮೂರರ ಗುಂಪಿನಲ್ಲಿ ಒಂಬತ್ತು ಪುಸ್ತಕ ಆಗಿ ಎರಡು ಸಂಪುಟ ಉಳಿಯುತ್ತವೆ. ಕೊನೆಯ ಪುಸ್ತಕ ತೆಳ್ಳಗಿದ್ದರೆ, ಇಲ್ಲವೇ ಹೆಚ್ಚುವರಿ ಚಿತ್ರಗಳಿಂದ ತುಂಬಿಸಿದ್ದರೆ ಆಶ್ಚರ್ಯ ಬೇಡ. ಇಲ್ಲಿ ಬಹಳ ಜನ ಎಡವುವುದು ಬೇರೆ ಕಡೆ: ಹಳೆಯ ಹಾರ್ಡ್‌ಕವರ್‌ನ 'ಪುಸ್ತಕ 4' ಅಂದರೆ ಜಪಾನಿನ 7 ಮತ್ತು 8, ಡೀಲಕ್ಸ್‌ನ 4 ಅಂದರೆ 10ರಿಂದ 12. ಅರ್ಧ ಅದು ಅರ್ಧ ಇದು ಕೊಂಡರೆ ಕಥೆಯ ನಡುವೆ ಒಂದು ಭಾಗ ಎರಡು ಸಲ ಬರುತ್ತದೆ, ಇನ್ನೊಂದು ಭಾಗ ಇರುವುದೇ ಇಲ್ಲ. ಕೊಳ್ಳುವ ಮೊದಲು ಬೆನ್ನಿನ ಸಂಖ್ಯೆ ಪಕ್ಕಕ್ಕಿಟ್ಟು ಒಳಪುಟದಲ್ಲಿ ಅಧ್ಯಾಯ ಎಷ್ಟರಿಂದ ಎಷ್ಟು ಎಂದು ನೋಡಿ.

ಒಶಿ ನೊ ಕೊ 2024ರ ನವೆಂಬರ್‌ನಲ್ಲಿ ಮುಗಿದಿದೆ, 166 ಅಧ್ಯಾಯ, 16 ಸಂಪುಟ. ಇಂಗ್ಲಿಷಿನಲ್ಲಿ ಯೆನ್ ಪ್ರೆಸ್. ಹೊಸದಾಗಿ ಶುರು ಮಾಡುವವರಿಗೆ ಮುಗಿದ ಸರಣಿ ಎಂಬುದೇ ದೊಡ್ಡ ಅನುಕೂಲ.

ಕಾಯದಿದ್ದರೆ ಒಳ್ಳೆಯದು

ಹಂಟರ್ ಹಂಟರ್ ಪ್ರತಿ ವರ್ಷದ ಪಟ್ಟಿಯಲ್ಲೂ ಇರುತ್ತದೆ. ಅದರ ಕಲಾವಿದ ಯೋಶಿಹಿರೊ ತೊಗಾಶಿ ಹತ್ತು ಹತ್ತು ಅಧ್ಯಾಯದ ಕಂತಿನಲ್ಲಿ ಬರುತ್ತಾರೆ, ಹತ್ತು ಅಧ್ಯಾಯ ಸರಿಯಾಗಿ ಒಂದು ಸಂಪುಟ. 37ನೇ ಸಂಪುಟ 2022ರ ನವೆಂಬರ್‌ನಲ್ಲಿ, 38ನೆಯದು 2024ರ ಸೆಪ್ಟೆಂಬರ್‌ನಲ್ಲಿ. 401ರಿಂದ 410ರ ಅಧ್ಯಾಯಗಳು 2024ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಪತ್ರಿಕೆಯಲ್ಲಿ ಬಂದಾಗಿವೆ, ಅಂದರೆ 39ರ ಸರಕು ಸಿದ್ಧವಿದೆ. ಆದರೆ ಜಂಪ್ ಹೊಸ ಕಂತಿಗೆ ಹೊಂದಿಸಿಯೇ ಸಂಪುಟ ಬಿಡುವುದು ರೂಢಿ: 38ರ ಪುಸ್ತಕ ಬಂದ ಮುಂದಿನ ತಿಂಗಳೇ 401 ಶುರುವಾದದ್ದನ್ನು ಗಮನಿಸಿ. ಆದ್ದರಿಂದ 39ರ ದಿನಾಂಕ ಕಂಡರೆ ಅದನ್ನು ಹೊಸ ಅಧ್ಯಾಯಗಳ ಮುನ್ಸೂಚನೆ ಎಂದು ಓದಬಹುದು, ದಿನಾಂಕ ಇಲ್ಲದಿದ್ದರೆ ಆಸೆ ಇಟ್ಟುಕೊಳ್ಳಬೇಡಿ.

ಬರ್ಸರ್ಕ್‌ನ ಡೀಲಕ್ಸ್ 15ಕ್ಕೆ ಕಾಯುವವರಿಗೂ ಇದೇ ಮಾತು. ಡಾರ್ಕ್ ಹಾರ್ಸ್‌ನ ಈ ಕಪ್ಪು ಹೊದಿಕೆಯ ದಪ್ಪ ಪುಸ್ತಕಗಳು ಮೂರು ಸಂಪುಟಕ್ಕೊಂದರಂತೆ ಬಂದವು. 14ರ ಹೊತ್ತಿಗೆ ಸರಕು ಕಡಿಮೆಯಾಗಿ 40, 41ರ ಜೊತೆ ಅಧಿಕೃತ ಮಾರ್ಗದರ್ಶಿ ಪುಸ್ತಕವನ್ನು ಸೇರಿಸಿ ಮೂರು ತುಂಬಿಸಿದರು. ಬರ್ಸರ್ಕ್ ಬರೆದ ಕೆಂತಾರೊ ಮಿಯುರಾ 2021ರ ಮೇ ತಿಂಗಳಲ್ಲಿ ತೀರಿಕೊಂಡರು. 2022ರಿಂದ ಅವರ ಗೆಳೆಯ ಕೌಜಿ ಮೊರಿಯ ಮೇಲ್ವಿಚಾರಣೆಯಲ್ಲಿ ಮಿಯುರಾ ಸಹಾಯಕರ ಸ್ಟುಡಿಯೊ ಗಾಗಾ ಮುಂದುವರಿಸುತ್ತಿದೆ. ಜಪಾನಿನಲ್ಲಿ 42ನೇ ಸಂಪುಟ 2023ರ ಸೆಪ್ಟೆಂಬರ್‌ನಲ್ಲಿ, 43 ಬಂದದ್ದು 2025ರಲ್ಲಿ. ಎರಡು ವರ್ಷಕ್ಕೊಂದರ ಈ ಗತಿಯಲ್ಲಿ 44 ಬರುವುದು 2027ಕ್ಕೆ. ಮೂರು ಸೇರಿ ಇಂಗ್ಲಿಷ್ ಡೀಲಕ್ಸ್ ಆಗಬೇಕೆಂದರೆ ಅದಕ್ಕೂ ಆಚೆ. ಕಥೆ ಮುಂದಕ್ಕೆ ಓದಬೇಕೆಂಬ ಹಂಬಲವಿದ್ದರೆ ಬಿಡಿ ಸಂಪುಟ ಕೊಳ್ಳಿ, ಕಪಾಟಿನಲ್ಲಿ ಎತ್ತರ ಸರಿಹೊಂದದಿದ್ದರೂ ಪರವಾಗಿಲ್ಲ.

ವ್ಯಾಗಬಾಂಡ್‌ನ ವಿಷಯದಲ್ಲಿ ತಪ್ಪು ತಿಳಿವಳಿಕೆ ಹೆಚ್ಚು. 2025ರಿಂದ ವಿಜ್ ತರುತ್ತಿರುವ ಡೆಫಿನಿಟಿವ್ ಆವೃತ್ತಿಯ ಹಾರ್ಡ್‌ಕವರ್‌ಗಳು 2026ರಲ್ಲೂ ಬರುತ್ತವೆ, ಪಟ್ಟಿಗಳಲ್ಲಿ 'ಹೊಸ ವ್ಯಾಗಬಾಂಡ್' ಎಂದು ಕಾಣುತ್ತವೆ. ಕಥೆ 2015ರಲ್ಲಿ ನಿಂತಲ್ಲೇ ನಿಂತಿದೆ, 37 ಸಂಪುಟ. ತಕೆಹಿಕೊ ಇನೊಉಎಯ ಕುಂಚದ ಕೆಲಸಕ್ಕೆ ದೊಡ್ಡ ಪುಟ, ಒಳ್ಳೆಯ ಕಾಗದ ನ್ಯಾಯ ಒದಗಿಸುತ್ತದೆ, ಆ ಕಾರಣಕ್ಕೆ ಕೊಂಡರೆ ದುಡ್ಡು ಸಾರ್ಥಕ.

ಅನಿಮೆ ಬಂದ ವಾರ ಯಾವ ಸಂಪುಟ ಮಾಯವಾಗುತ್ತದೆ

ಹೊಸ ಸಂಪುಟಕ್ಕಿಂತ ಹಳೆಯ ಸಂಪುಟ ಸಿಗದಿರುವುದೇ ನಮ್ಮಲ್ಲಿ ದೊಡ್ಡ ತಲೆನೋವು. ಇದಕ್ಕೂ ಒಂದು ಕ್ರಮವಿದೆ. ಅನಿಮೆಯ (ಮಾಂಗಾ ಆಧರಿಸಿದ ಜಪಾನಿ ಅನಿಮೇಶನ್) ಹೊಸ ಸೀಸನ್ ಅಥವಾ ಸಿನಿಮಾ ಬಂದಾಗ ಎರಡು ಕಡೆ ಸ್ಟಾಕ್ ಖಾಲಿಯಾಗುತ್ತದೆ: ಹೊಸಬರು ಕೊಳ್ಳುವ 1ರಿಂದ 3ನೇ ಸಂಪುಟ, ಮತ್ತು ಅನಿಮೆ ನಿಂತ ಜಾಗದಿಂದ ಮುಂದಿನ ಸಂಪುಟ. ನಡುವಿನವು ಎಷ್ಟು ಬೇಕಾದರೂ ಬಿದ್ದಿರುತ್ತವೆ.

2026ರ ಜನವರಿಯ ಸರದಿ ಫ್ರೀರೆನ್ ಎರಡನೇ ಸೀಸನ್, ಜುಜುತ್ಸು ಕೈಸೆನ್ ಮೂರನೇ ಸೀಸನ್ನಿನದು. ಫ್ರೀರೆನ್‌ನ ಮೊದಲ ಸೀಸನ್ನಿನ 28 ಕಂತು 60ನೇ ಅಧ್ಯಾಯಕ್ಕೆ, ಅಂದರೆ 7ನೇ ಸಂಪುಟದ ಮೊದಲ ಪುಟಗಳಿಗೆ ನಿಂತಿತ್ತು. ಮೊದಲು ಕಾಣೆಯಾಗುವುದು 7. ಜುಜುತ್ಸು ಕೈಸೆನ್‌ನಲ್ಲಿ ಎರಡನೇ ಸೀಸನ್ನಿನ ಕೊನೆಯ ಕಥೆಯಾದ ಶಿಬುಯಾ ಘಟನೆ ಮುಗಿಯುವುದು, ಮೂರನೇ ಸೀಸನ್ನಿನ ಕಥೆ ಏಳುವುದು 16ನೇ ಸಂಪುಟದಲ್ಲಿ. ಚೈನ್‌ಸಾ ಮ್ಯಾನ್ ರೇಜೆ ಸಿನಿಮಾ ಭಾರತಕ್ಕೆ 2025ರ ಸೆಪ್ಟೆಂಬರ್‌ನಲ್ಲಿ ಬಂತು. ಅದು 52ನೇ ಅಧ್ಯಾಯಕ್ಕೆ, 6ನೇ ಸಂಪುಟದ ಕೊನೆಗೆ ಮುಗಿಯುತ್ತದೆ. ನೋಡಿ ಬಂದವರಿಗೆ ಬೇಕಾದದ್ದು 7. ಡೀಮನ್ ಸ್ಲೇಯರ್ ಇನ್‌ಫಿನಿಟಿ ಕ್ಯಾಸಲ್ ಮೊದಲ ಸಿನಿಮಾ ಅಕಾಜನ ಕಾಳಗಕ್ಕೆ ನಿಲ್ಲುತ್ತದೆ, ಅದು 18ನೇ ಸಂಪುಟ. ಅಲ್ಲಿಂದ 23ರವರೆಗೆ ಆರೇ ಪುಸ್ತಕ; ಮುಂದಿನ ಸಿನಿಮಾಗಳ ತನಕ ಕಾಯಲಾರದವರು ಈಗಲೇ ಕೊಂಡಿಟ್ಟುಕೊಳ್ಳುವುದು ಜಾಣತನ. (ಆ ಸಿನಿಮಾ ಇಲ್ಲಿ ಹಿಂದಿ, ತಮಿಳು, ತೆಲುಗು ಡಬ್ಬಿಂಗ್‌ನಲ್ಲೂ ಬಂತು. ಕನ್ನಡ ಇರಲಿಲ್ಲ. ಬೆಂಗಳೂರಿನ ಥಿಯೇಟರುಗಳು ತುಂಬಿದರೂ ಕನ್ನಡ ಡಬ್ಬಿಂಗ್ ಯಾರ ಲೆಕ್ಕಕ್ಕೂ ಬರಲಿಲ್ಲ.)

ವಿಚ್ ಹ್ಯಾಟ್ ಅಟೆಲಿಯೆ ಅನಿಮೆ 2025ರಿಂದ ಮುಂದೂಡಿ 2026ಕ್ಕೆ ಬಂದಿದೆ. ಇದು ಮೊದಲ ಸೀಸನ್, ಹಾಗಾಗಿ ಖಾಲಿಯಾಗುವುದು 1ರಿಂದ 3. ಕಮೊಮೆ ಶಿರಹಾಮಾ ಗೆರೆಗಳ ಕೆಲಸ ನೋಡಬೇಕೆಂದರೆ ಕೊಡಾನ್ಷಾದ ದೊಡ್ಡ ಅಳತೆಯ ಹಾರ್ಡ್‌ಕವರ್ ಇದೆ. ಸಾಮಾನ್ಯ ಪುಸ್ತಕದ ಅಳತೆಯಲ್ಲಿ ಅವರ ಅಂಚಿನ ಅಲಂಕಾರ ಕಣ್ಣಿಗೆ ಒತ್ತುತ್ತದೆ.

ಒಮ್ಮೆ ಖಾಲಿಯಾದ ಸಂಪುಟದ ಮರುಮುದ್ರಣ ನಮ್ಮ ಅಂಗಡಿ ತಲುಪಲು ಎರಡು ಮೂರು ತಿಂಗಳು ಹಿಡಿಯುವುದು ಸಾಮಾನ್ಯ. ಆ ನಡುವೆ ಆನ್‌ಲೈನ್ ಮಳಿಗೆಗಳಲ್ಲಿ 500 ರೂಪಾಯಿಯ ಪುಸ್ತಕಕ್ಕೆ 2,000 ಹೇಳುವ ಮಾರಾಟಗಾರರು ಎದ್ದುಬರುತ್ತಾರೆ. ಕೊಳ್ಳಬೇಡಿ. ಅಪರೂಪದ ಪುಸ್ತಕ ಅನ್ನುವುದು ಅವರ ಮಾತು. ಇವು ಲಕ್ಷಗಟ್ಟಲೆ ಅಚ್ಚಾಗುವ ಪುಸ್ತಕಗಳು, ಮತ್ತೆ ಬಂದೇ ಬರುತ್ತವೆ.

ದಿನಾಂಕ ಎಲ್ಲಿ ಹುಟ್ಟುತ್ತದೆ, ಎಲ್ಲಿ ಕೆಡುತ್ತದೆ

ಇಂಗ್ಲಿಷ್ ಪ್ರಕಾಶಕರು ಹೊಸ ಹಕ್ಕುಗಳನ್ನು ಘೋಷಿಸುವುದು ಬಹುಪಾಲು ಎರಡು ಕಾಲದಲ್ಲಿ: ಜುಲೈನಲ್ಲಿ ಲಾಸ್ ಏಂಜಲೀಸ್‌ನ ಅನಿಮೆ ಎಕ್ಸ್‌ಪೋ ಮತ್ತು ಸ್ಯಾನ್ ಡಿಯೇಗೊ ಕಾಮಿಕ್ ಕಾನ್ ಹೊತ್ತಿಗೆ, ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ಕಾಮಿಕ್ ಕಾನ್ ಹೊತ್ತಿಗೆ. ಘೋಷಣೆಯಿಂದ ಪುಸ್ತಕಕ್ಕೆ ಆರರಿಂದ ಒಂಬತ್ತು ತಿಂಗಳು, ಕೆಲವೊಮ್ಮೆ ಹೆಚ್ಚು. ಅಂದರೆ ಜುಲೈನಲ್ಲಿ ಹೇಳಿದ್ದು ಮುಂದಿನ ವಸಂತದ ಪುಸ್ತಕ. ವರ್ಷದ ಮೊದಲ ಆರು ತಿಂಗಳ ಪುಸ್ತಕಗಳೆಲ್ಲ ಹಿಂದಿನ ಡಿಸೆಂಬರ್ ಹೊತ್ತಿಗೇ ಹಂಚಿಕೆದಾರರ ಕ್ಯಾಟಲಾಗಿನಲ್ಲಿರುತ್ತವೆ. ಕೊನೆಯ ಆರು ತಿಂಗಳದ್ದು ಆಗ ಇನ್ನೂ ಅರ್ಧ ಖಾಲಿ.

ಎರಡು ಗುರುತು ನೋಡಿ ದಿನಾಂಕ ನಂಬಬಹುದು. ಮೊದಲನೆಯದು ವಾರ: ಅಮೆರಿಕದ ದಿನಾಂಕ ಮಂಗಳವಾರಕ್ಕೆ ಬಿದ್ದಿದೆಯೇ? ಜನವರಿ 1 ಅಥವಾ ಡಿಸೆಂಬರ್ 31 ಎಂದಿದ್ದರೆ ಅದು ಕಂಪ್ಯೂಟರಿನಲ್ಲಿ ಖಾಲಿ ಬಿಡಬಾರದು ಎಂದು ತುಂಬಿಸಿದ್ದು. ಎರಡನೆಯದು ಐಎಸ್‌ಬಿಎನ್, ಅಂದರೆ ಪ್ರತಿ ಪುಸ್ತಕಕ್ಕೂ ಕೊಡುವ ಗುರುತಿನ ಸಂಖ್ಯೆ. ಸಂಖ್ಯೆ ದಾಖಲಾಗಿದ್ದರೆ ಪುಸ್ತಕದ ಕೆಲಸ ಶುರುವಾಗಿದೆ. ವಿಜ್‌ನ ಈಚಿನ ಪುಸ್ತಕಗಳು 978-1-9747ರಿಂದ, ಯೆನ್ ಪ್ರೆಸ್‌ನವು 979-8-8554ರಿಂದ (ಹಳೆಯವು 978-1-9753ರಿಂದ) ಶುರುವಾಗುತ್ತವೆ. ಹುಡುಕುವಾಗ ಹೆಸರಿನ ಬದಲು ಪೂರ್ತಿ 13 ಅಂಕಿ ಹಾಕಿ. ಒಂದೇ ಹೆಸರಿನ ಬಿಡಿ ಸಂಪುಟ, ಮೂರು ಸೇರಿದ ಆವೃತ್ತಿ, ಬಾಕ್ಸ್ ಸೆಟ್ ಎಲ್ಲವೂ ಕಲಸಿಕೊಳ್ಳುವ ಗೊಂದಲ ಅಲ್ಲಿಗೇ ಮುಗಿಯುತ್ತದೆ.

ಬಾಕ್ಸ್ ಸೆಟ್ ಎಂದಾಗ ಒಂದು ಮಾತು. ಡೀಮನ್ ಸ್ಲೇಯರ್‌ಗೆ 23 ಸಂಪುಟದ್ದು, ಚೈನ್‌ಸಾ ಮ್ಯಾನ್‌ಗೆ ಮೊದಲ ಭಾಗದ 11 ಸಂಪುಟದ್ದು ಬಂದಿವೆ. ದೊಡ್ಡ ಸರಣಿ ಮುಗಿದ ಒಂದೆರಡು ವರ್ಷಕ್ಕೆ ಪೆಟ್ಟಿಗೆ ಬರುವುದು ವಿಜ್‌ನ ಪದ್ಧತಿ. ಮುಗಿದ ಸರಣಿಯನ್ನು ಈಗ ಶುರು ಮಾಡುವವರು ಮೊದಲೆರಡು ಸಂಪುಟ ಮಾತ್ರ ಕೊಂಡು ರುಚಿ ನೋಡಿ, ಹಿಡಿಸಿದರೆ ಪೆಟ್ಟಿಗೆಗೆ ಕಾಯುವುದು ಲಾಭ. ಅರ್ಧ ಕೊಂಡವರಿಗೆ ಪೆಟ್ಟಿಗೆಯಿಂದ ಪ್ರಯೋಜನವಿಲ್ಲ, ಅವರು ಬಿಡಿಯಾಗಿಯೇ ಮುಂದುವರಿಯಲಿ.

ಇಲ್ಲಿ ಕೊಳ್ಳುವಾಗ

ಭಾರತದಲ್ಲಿ ವಿಜ್ ಪುಸ್ತಕಗಳನ್ನು ಹಂಚುವುದು ಸೈಮನ್ ಆ್ಯಂಡ್ ಶುಸ್ಟರ್ ಇಂಡಿಯಾ. ಇಲ್ಲಿನ ಮಾರುಕಟ್ಟೆಗೆ ಬೆಲೆ ಇಳಿಸಿ ತರುವುದರಿಂದ ಶೊನೆನ್ ಜಂಪ್ ಸಂಪುಟ 400ರಿಂದ 600 ರೂಪಾಯಿಯೊಳಗೆ ಸಿಗುತ್ತದೆ. ಅಮೆರಿಕದಲ್ಲಿ ಅದೇ ಪುಸ್ತಕ 12 ಡಾಲರ್ ಹತ್ತಿರ. ಕೊಡಾನ್ಷಾ, ಸೆವೆನ್ ಸೀಸ್, ಡಾರ್ಕ್ ಹಾರ್ಸ್ ಪುಸ್ತಕಗಳು ಪೆಂಗ್ವಿನ್ ರ್ಯಾಂಡಮ್ ಹೌಸ್ ಮೂಲಕ, ಯೆನ್ ಪ್ರೆಸ್ ಪುಸ್ತಕಗಳು ಹಶೆಟ್ ಮೂಲಕ ಸಾಗುತ್ತವೆ. ಇವು ಸಾಮಾನ್ಯವಾಗಿ 700 ದಾಟುತ್ತವೆ. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಆದರೆ 2019ರ ಬಜೆಟ್‌ನಿಂದ ಆಮದು ಪುಸ್ತಕಕ್ಕೆ 5% ಸುಂಕ ಇದೆ. ಡಾಲರ್ ಏರಿದಾಗ ಮೊದಲು ಬಿಸಿ ತಟ್ಟುವುದು ಈ ಎರಡನೇ ಗುಂಪಿಗೆ.

ಪ್ರಿ-ಆರ್ಡರ್ ಕೊಡುವಾಗ ಮಾರಾಟಗಾರರ ಹೆಸರು ನೋಡಿ. ಹಂಚಿಕೆದಾರರಿಂದ ನೇರ ಬರುವ ಸ್ಟಾಕ್ ಇಟ್ಟ ಮಾರಾಟಗಾರರು ತಡ ಮಾಡಬಹುದು, ಕೊಟ್ಟೇ ಕೊಡುತ್ತಾರೆ. ವಿದೇಶದಿಂದ ತರಿಸಿ ಕೊಡುವವರು ಬೆಲೆ ಏರಿದರೆ ಆರ್ಡರ್ ರದ್ದು ಮಾಡುವುದೇ ಹೆಚ್ಚು, ಅದೂ ಬಿಡುಗಡೆಯ ವಾರದಲ್ಲಿ, ಬೇರೆಡೆ ಸ್ಟಾಕ್ ಮುಗಿದ ಮೇಲೆ. ಚರ್ಚ್ ಸ್ಟ್ರೀಟಿನ ಬ್ಲಾಸಮ್, ಬುಕ್‌ವರ್ಮ್‌ನಂಥ ಅಂಗಡಿಗಳಿಗೆ ಹೋಗಿ ಬರುವವರಿಗೆ ಇನ್ನೊಂದು ಅನುಕೂಲ: ಕೈಯಲ್ಲಿ ಹಿಡಿದು ನೋಡಬಹುದು. ಮೂಲೆ ಮಡಚಿದ್ದು, ಬೆನ್ನಿನ ಅಂಟು ಬಿರುಕು ಬಿಟ್ಟದ್ದು ಪೆಟ್ಟಿಗೆಯೊಳಗೆ ಕಾಣುವುದಿಲ್ಲ.

ಕೈಯಲ್ಲಿ ಹಿಡಿದು ನೋಡಲೇಬೇಕಾದ ಇನ್ನೊಂದು ಕಾರಣ ನಕಲಿ. ಫುಟ್‌ಪಾತಿನಲ್ಲೂ ಆನ್‌ಲೈನಿನಲ್ಲೂ 150ರಿಂದ 250 ರೂಪಾಯಿಗೆ ಸಿಗುವ 'ಹೊಚ್ಚ ಹೊಸ' ಜನಪ್ರಿಯ ಸಂಪುಟ ಬಹುತೇಕ ಸ್ಕ್ಯಾನ್ ಮಾಡಿ ಅಚ್ಚು ಹಾಕಿದ್ದು. ಮೊದಲು ಬೂದು ಛಾಯೆ ನೋಡಿ. ಮಾಂಗಾದಲ್ಲಿ ಬೂದು ಬಣ್ಣ ಎಂದರೆ ಸಣ್ಣ ಕಪ್ಪು ಚುಕ್ಕಿಗಳ ಸಾಲು. ಅದನ್ನು ಸ್ಕ್ಯಾನ್ ಮಾಡಿ ಮತ್ತೆ ಚುಕ್ಕಿಗಳಲ್ಲೇ ಅಚ್ಚು ಹಾಕಿದರೆ ಎರಡು ಜಾಲರಿ ಒಂದರ ಮೇಲೊಂದು ಬಿದ್ದು ಅಲೆ ಅಲೆಯಾದ ಪಟ್ಟಿಗಳು ಏಳುತ್ತವೆ. ಅಸಲಿಯಲ್ಲಿ ಇದು ಇರುವುದಿಲ್ಲ. ಆಮೇಲೆ ದಟ್ಟ ಕಪ್ಪು: ನಕಲಿಯಲ್ಲಿ ಅದು ಮಂಕು ಬೂದಾಗಿರುತ್ತದೆ. ನಡುಮಡಿಕೆಯ ಹತ್ತಿರ ಮಾತಿನ ಗುಳ್ಳೆ ಅರ್ಧ ನುಂಗಿದ್ದರೆ ಅನುಮಾನ ಪಡಿ. ಬೆನ್ನುಗಳನ್ನು ಸಾಲಾಗಿ ಇಟ್ಟರೆ ಸಂಖ್ಯೆ, ಚಿತ್ರ ಒಂದೇ ಮಟ್ಟಕ್ಕೆ ಬರಬೇಕು. ವಿಜ್‌ನ ಶೊನೆನ್ ಜಂಪ್ ಪುಸ್ತಕ 5 ಇಂಚು ಅಗಲ, 7.5 ಇಂಚು ಎತ್ತರ. ಕಾಲು ಇಂಚು ಕಡಿಮೆ ಬಂದರೂ ಅಂಚು ಕತ್ತರಿಸಿದ್ದಾರೆ ಎಂದರ್ಥ. ತೆಳು ಬಿಳಿ ಕಾಗದವನ್ನು 'ಒಳ್ಳೆಯ ಕಾಗದ' ಎಂದು ಹೊಗಳಿ ಮಾರುತ್ತಾರೆ, ಅಸಲಿಯದು ತುಸು ಒರಟು, ಸ್ವಲ್ಪ ಹಳದಿ ಕಡೆಗಿನದು. ಅದು ಮಳೆಗಾಲದಲ್ಲಿ ತೇವ ಹೀರಿ ಇನ್ನೂ ಹಳದಿಯಾಗುತ್ತದೆ. ಕರಾವಳಿಯವರು ಗೋಡೆಗೆ ತಾಗಿಸದೆ ಇಡಿ.

ಕೊನೆಯದಾಗಿ ಕಾಪಿರೈಟ್ ಪುಟ ತೆರೆಯಿರಿ. ವಿಜ್ ಪುಸ್ತಕದಲ್ಲಿ ಅದು ಕೊನೆಯ ಪುಟಗಳ ಕಡೆ ಇರಬಹುದು. ಅಲ್ಲಿ ಮೊದಲ ಮುದ್ರಣದ ತಿಂಗಳು, ವರ್ಷ, ಜೊತೆಗೆ 10ರಿಂದ 1ಕ್ಕೆ ಇಳಿಯುವ ಅಂಕಿಗಳ ಸಾಲು ಇರುತ್ತದೆ. ಸಾಲಿನಲ್ಲಿ ಉಳಿದ ಅತಿ ಚಿಕ್ಕ ಅಂಕಿಯೇ ನಿಮ್ಮ ಕೈಯಲ್ಲಿರುವ ಮುದ್ರಣ: 1 ಇದ್ದರೆ ಮೊದಲನೆಯದು, 4ಕ್ಕೆ ನಿಂತರೆ ನಾಲ್ಕನೆಯದು. ನಾಲ್ಕನೆಯದರಲ್ಲಿ ತಪ್ಪಕ್ಷರಗಳು ತಿದ್ದಿರುವ ಸಾಧ್ಯತೆ ಹೆಚ್ಚು, ಹಾಗಾಗಿ ಓದುವವರಿಗೆ ಮೊದಲ ಮುದ್ರಣದ ಹುಚ್ಚು ಬೇಕಿಲ್ಲ.

ಫೋನಿನಲ್ಲಿ

ಪುಸ್ತಕ ಬರುವವರೆಗೆ ಕಾಯಲಾಗದಿದ್ದರೆ ಶುಯೇಶಾದ ಮಾಂಗಾ ಪ್ಲಸ್ ಇದೆ, 2019ರಿಂದ. ಜಪಾನಿನಲ್ಲಿ ಸೋಮವಾರ ನಡುರಾತ್ರಿ ತೆರೆಯುವ ಜಂಪ್ ಅಧ್ಯಾಯ ನಮ್ಮಲ್ಲಿ ಭಾನುವಾರ ರಾತ್ರಿ 8.30ಕ್ಕೆ ಬರುತ್ತದೆ. ಪತ್ರಿಕೆಗೆ ಬಿಡುವಿದ್ದ ವಾರ ಇದಕ್ಕೂ ಬಿಡುವು. ಸಂಚಿಕೆ ಮುಂಚೆ ಬಂದರೆ ಇದೂ ಮುಂಚೆ. ಆ್ಯಪ್ ಬಿಟ್ಟು ವೆಬ್‌ಸೈಟಿನಲ್ಲಿ ಓದಿದರೆ ಮೊದಲ ಮೂರು, ಕೊನೆಯ ಮೂರು ಅಧ್ಯಾಯ ಉಚಿತ. ಅಲ್ಲಿ ಹೊಸ ಸರಣಿಯೊಂದು ಹಿಡಿಸಿದರೆ ಮೂರು ವಾರದೊಳಗೆ ಹಿಂದಿನದನ್ನು ಓದಿಬಿಡಬೇಕು, ಆಮೇಲೆ ನಡುವಿನ ಅಧ್ಯಾಯಗಳಿಗೆ ಬೀಗ ಬೀಳುತ್ತದೆ. 2023ರಿಂದ ಶುಯೇಶಾದ ಆನ್‌ಲೈನ್ ಪತ್ರಿಕೆ ಜಂಪ್ ಪ್ಲಸ್‌ನ ಹೊಸ ಸರಣಿಗಳೂ ಜಪಾನಿನ ಜೊತೆಯಲ್ಲೇ ಇಂಗ್ಲಿಷಿಗೆ ಬರುತ್ತಿವೆ, ದಂಡದಾನ್‌ನಂಥದು ಹುಟ್ಟಿದ್ದು ಅಲ್ಲೇ. ಹಳೆಯ ಅಧ್ಯಾಯಗಳೆಲ್ಲ ಬೇಕಿದ್ದರೆ ವಿಜ್‌ನ ಶೊನೆನ್ ಜಂಪ್ ಆ್ಯಪ್‌ನ ಚಂದಾ ಭಾರತದಲ್ಲೂ ಸಿಗುತ್ತದೆ. ಮಾಂಗಾ ಪ್ಲಸ್ ಇಂಗ್ಲಿಷ್ ಸೇರಿ ಒಂಬತ್ತು ಭಾಷೆಯಲ್ಲಿದೆ, ಥಾಯ್, ವಿಯೆಟ್ನಾಮಿ, ಇಂಡೊನೇಷ್ಯನ್ ಉಂಟು, ಭಾರತೀಯ ಭಾಷೆ ಒಂದೂ ಇಲ್ಲ.

ಪತ್ರಿಕೆಯ ಅಧ್ಯಾಯವೂ ಸಂಪುಟವೂ ಪೂರ್ತಿ ಒಂದೇ ಅಲ್ಲ ಎಂಬುದು ನೆನಪಿರಲಿ. ಅವಸರದಲ್ಲಿ ಬರೆದ ಪುಟಗಳನ್ನು ಕಲಾವಿದರು ಸಂಪುಟಕ್ಕೆ ತಿದ್ದುತ್ತಾರೆ. ಹಂಟರ್ ಹಂಟರ್‌ನ ಕೆಲವು ಅಧ್ಯಾಯಗಳು ಪತ್ರಿಕೆಯಲ್ಲಿ ಬರೀ ಗೀಚಿದಂತಿದ್ದು ಪುಸ್ತಕದಲ್ಲಿ ಹೊಸದಾಗಿ ಬರೆದಂತೆ ಕಾಣುತ್ತವೆ. ಪತ್ರಿಕೆಯಲ್ಲಿ ಬಣ್ಣದಲ್ಲಿದ್ದ ಪುಟ ಸಂಪುಟದಲ್ಲಿ ಬೂದಾಗುತ್ತದೆ. ಒನ್ ಪೀಸ್‌ನಲ್ಲಿ ಓದುಗರ ಪ್ರಶ್ನೆಗಳಿಗೆ ಓಡಾ ಕೊಡುವ ತಲೆಹರಟೆ ಉತ್ತರಗಳು ಪುಸ್ತಕದಲ್ಲಿ ಮಾತ್ರ. ಭಾನುವಾರ ಓದಿದವರೂ ಮಾರ್ಚ್, ಜುಲೈ, ನವೆಂಬರ್‌ಗೆ ಮತ್ತೆ ಅಂಗಡಿಗೆ ಹೋಗುವುದು ಈ ಪುಟಗಳಿಗಾಗಿಯೇ.